ಹತ್ತೊಂಬತ್ತು ಬೆಸುಗೆಗಳು

ಅಪ್ಪ ಪೀಣ್ಯದ ಶೆಡ್ಡೊಂದರಲ್ಲಿ ವೆಲ್ಡರ್ ಆಗಿದ್ದರು. "ಬಿರುಕು ಮೊದಲು ಬಿಡೋದು ಬೆಸುಗೆ ಹತ್ರಾನೇ" ಎನ್ನುತ್ತಿದ್ದರು. ರಾಕೆಟ್ ಎಂಜಿನ್ ಕಟ್ಟುವವರಿಗೂ ಇದೇ ಭಯ.

2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಇಸ್ರೋ, ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಎಂಜಿನ್ನನ್ನು ಹೊಸ ರೂಪದಲ್ಲಿ 665 ಸೆಕೆಂಡು ಉರಿಸಿ ನೋಡಿತು. ಮೊದಲು ಅದಕ್ಕೆ 14 ಬಿಡಿಭಾಗ, 19 ಬೆಸುಗೆ ಬೇಕಿದ್ದವು. ಈ ಸಲ ಲೋಹದ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ, ಒಂದೇ ತುಂಡಾಗಿ ಮುದ್ರಿಸಿದ್ದರು. 565 ಕಿಲೋ ಲೋಹ ಬೇಡುತ್ತಿದ್ದ ಎಂಜಿನ್ನಿಗೆ 13.7 ಕಿಲೋ ಪುಡಿ ಸಾಕಾಯಿತು. ಮುದ್ರಿಸಿದ್ದು ನಮ್ಮ ಬೆಂಗಳೂರಿನ ವಿಪ್ರೋ 3ಡಿ.

ಅದೇ ಮೇ 30ರಂದು, ಇಲ್ಲಿನ ಐಐಟಿ ಮದ್ರಾಸಿನಲ್ಲಿ ಬೆಳೆದ ಅಗ್ನಿಕುಲ್ ಕಂಪನಿ, ಒಂದೇ ತುಂಡಾಗಿ ಮುದ್ರಿಸಿದ ತನ್ನ ಎಂಜಿನ್ನಿನಿಂದ ಶ್ರೀಹರಿಕೋಟದಲ್ಲಿ ಅಗ್ನಿಬಾಣ್ ರಾಕೆಟ್ ಹಾರಿಸಿತು. ನಾಲ್ಕು ಸಲ ನಿಲ್ಲಿಸಿ, ಐದನೇ ಸಲ. ಸೀಮೆಎಣ್ಣೆ ಜಾತಿಯ ಇಂಧನ ಮತ್ತು ದ್ರವ ಆಮ್ಲಜನಕದಿಂದ ಉರಿಯುವ ಎಂಜಿನ್ ಅದು.

ಆ ಸಂಜೆ ವೆಸ್ಟ್ ಮಾಂಬಲಂನ ಮನೆಯಿಂದ ಅಪ್ಪನಿಗೆ ಫೋನ್ ಮಾಡಿದೆ. ನಿಮ್ಮ ಕೆಲಸವೇ ಬೇಡವಾಯಿತು ಎಂದು ಹೇಳುವುದು ಹೇಗೆ? ಅಳುಕುತ್ತಲೇ ಎಲ್ಲ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆಸುಗೆ ಆದ್ರೆ ಎಲ್ಲಿ ನೋಡ್ಬೇಕು ಅಂತ ಗೊತ್ತಿರುತ್ತೆ. ಇದ್ರಲ್ಲಿ ಬಿರುಕು ಒಳಗೆಲ್ಲೋ ಇದ್ರೆ?"

"ಸಿಟಿ ಸ್ಕ್ಯಾನ್ ಮಾಡಿ ನೋಡ್ತಾರಪ್ಪ, ಮನುಷ್ಯರಿಗೆ ಮಾಡೋ ಹಾಗೇ."

"ಹಾಗಾದ್ರೆ ನೋಡೋ ಕಣ್ಣು ಇನ್ನೂ ಬೇಕು ಅನ್ನು" ಎಂದರು.