ಪುಕ್ಕಟೆ ಕೋಡಿನ ಕಾಗದಪತ್ರ

ತಣಿಸಂದ್ರದಲ್ಲಿ ಸೈಟು ಕೊಳ್ಳಲು ಬಂದವರು ಮೊದಲು ಕೇಳುವುದು ಮೂಲಪತ್ರವಾದ ಮದರ್ ಡೀಡ್, ಆಮೇಲೆ ನಡುವಿನ ಮಾರಾಟಗಳ ಲಿಂಕ್ ಡಾಕ್ಯುಮೆಂಟು, ಕೊನೆಗೆ ಋಣಭಾರ ತೋರಿಸುವ ಇ.ಸಿ. ಹೊಲ ಸೈಟಾಗಿ, ಸೈಟು ಅಪಾರ್ಟ್‌ಮೆಂಟಾಗಿ ಕೈ ಬದಲಿಸಿದ ಊರು ಇದು. ನಡುವೆ ಮಾರಿದ ಒಬ್ಬನಿಗೆ ಹಕ್ಕೇ ಇರಲಿಲ್ಲವೆಂದಾದರೆ ಅವನ ನಂತರ ಕೊಂಡವರೆಲ್ಲ ಕೋರ್ಟು ಅಲೆಯಬೇಕು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ನಾನು ಮಾಡುವುದೂ ಇದೇ ಕೆಲಸ, ನೆಲದ ಬದಲು ಕೋಡು. ನಮ್ಮ ಎಂಜಿನಿಯರುಗಳು ಎನ್‌ಪಿಎಂ, ಪೈಪಿಐಗಳಂಥ ಕೋಡಿನ ಭಂಡಾರಗಳಿಂದ ಇಳಿಸಿಕೊಂಡ ಪ್ಯಾಕೇಜುಗಳ ಲೈಸೆನ್ಸ್ ಓದುತ್ತೇನೆ. “ಪುಕ್ಕಟೆ ಸಿಗೋದಕ್ಕೆ ಕಾಗದ ಯಾಕಮ್ಮ ನೋಡ್ಬೇಕು?” ಅಂತ ನಮ್ಮ ಮಾವನವರು ಕೇಳುತ್ತಾರೆ. “ದುಡ್ಡು ಕೊಟ್ಟು ತಂದ್ರೆ ರಸೀದಿ ಇರುತ್ತೆ ಮಾವ, ಇದಕ್ಕೆ ಲೈಸೆನ್ಸ್ ಒಂದೇ ಕಾಗದ,” ಅನ್ನುತ್ತೇನೆ.

ನಾನು ಓದುವ ಕಾಲಕ್ಕೆ ಇಂಥದ್ದೊಂದು ಉದ್ಯೋಗವೇ ಇರಲಿಲ್ಲ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸ್ಲ್ಯಾಕ್‌ವೇರ್ ಲಿನಕ್ಸನ್ನು ಸೀಡಿಯಲ್ಲಿ ಹಂಚಿತು. ಅದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. ಡಯಲ್-ಅಪ್ಪಿನಲ್ಲಿ ಏನೂ ಇಳಿಯದ ಆ ದಿನಗಳಲ್ಲಿ ಪತ್ರಿಕೆಯ ಸೀಡಿಯೇ ನಮಗೆ ಭಂಡಾರ. ಒಂದು ಪ್ಯಾಕೇಜು ಹಾಕಲು ಹೋದರೆ ಅದು ಇನ್ನೊಂದು ಲೈಬ್ರರಿ ತಾ ಅನ್ನುತ್ತಿತ್ತು, ಆ ಲೈಬ್ರರಿ ಮತ್ತೊಂದನ್ನು. ಸೀಡಿಯಲ್ಲಿ ಇಲ್ಲವೆಂದರೆ ಅಲ್ಲಿಗೆ ಕಥೆ ಮುಗಿಯಿತು. ಪ್ರತಿ ಫೋಲ್ಡರಿನಲ್ಲೂ ‘ಕಾಪಿಯಿಂಗ್’ ಎಂಬ ಕಡತವಿರುತ್ತಿತ್ತು. ಅದನ್ನು ತೆರೆದು ಓದಿದವರನ್ನು ನಾನಂತೂ ಕಂಡಿಲ್ಲ.

ಹಾಗೆಂದು ಬೆಂಗಳೂರಿಗೆ ಲೈಸೆನ್ಸಿನ ಚಿಂತೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರಿನವರು ಸೇರಿ ಸಿಂಪ್ಯೂಟರ್ ಎಂಬ ಅಗ್ಗದ ಕೈಗಣಕ ಮಾಡಿದಾಗ ಅದರ ಯಂತ್ರಾಂಶದ ವಿನ್ಯಾಸಕ್ಕೇ ಮುಕ್ತ ತಂತ್ರಾಂಶದ ಜಿಪಿಎಲ್ ಮಾದರಿಯ ಲೈಸೆನ್ಸೊಂದನ್ನು ಬರೆದರು. ಯಂತ್ರ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆ ಲೈಸೆನ್ಸನ್ನು ಮಾತ್ರ ನಾನು ಈಗಲೂ ಯಂತ್ರಕ್ಕಿಂತ ದೊಡ್ಡ ಆವಿಷ್ಕಾರವೆಂದೇ ಹೇಳುತ್ತೇನೆ. ಮುಂದೆ 2006ರ ಆಗಸ್ಟ್ 23 ಮತ್ತು 24ರಂದು ಜಿಪಿಎಲ್ ಮೂರನೇ ಆವೃತ್ತಿಯ ಕರಡಿನ ಬಗ್ಗೆ ನಾಲ್ಕನೇ ಅಂತರರಾಷ್ಟ್ರೀಯ ಸಮ್ಮೇಳನ ಇಲ್ಲೇ, ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ನಡೆಯಿತು. ಜಿಪಿಎಲ್ ಬರೆದ ರಿಚರ್ಡ್ ಸ್ಟಾಲ್‌ಮನ್ ಬಂದಿದ್ದರು. ಕೊಂಡ ಯಂತ್ರದೊಳಗಿನ ಕೋಡನ್ನು ತಿದ್ದಿ ಅದೇ ಯಂತ್ರದಲ್ಲಿ ಓಡಿಸುವ ಹಕ್ಕು ಬಳಕೆದಾರನಿಗೆ ಇರಬೇಕೆಂಬುದು ಅಲ್ಲಿನ ದೊಡ್ಡ ವಾದ. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಅರ್ಧ ಅರ್ಥವಾಗಿತ್ತು. ಆದರೆ ಎಂಐಟಿ ಲೈಸೆನ್ಸ್ ಲೇಖಕರ ಹೆಸರು, ಲೈಸೆನ್ಸಿನ ಪಠ್ಯ ಉಳಿಸಿಕೊಂಡರೆ ಸಾಕೆನ್ನುತ್ತದೆ, ಜಿಪಿಎಲ್ ‘ನನ್ನನ್ನು ಸೇರಿಸಿಕೊಂಡು ಹಂಚಿದರೆ ನಿನ್ನ ಕೋಡನ್ನೂ ತೆರೆದಿಡು’ ಎನ್ನುತ್ತದೆ ಎಂಬ ಭೇದ ಅಂದೇ ತಲೆಗೆ ಹೋಯಿತು. ನನ್ನ ಸಂಸಾರ ನಡೆಯುತ್ತಿರುವುದು ಅದರಿಂದಲೇ.

ಅಷ್ಟರಲ್ಲಿ ಸೀಡಿಯ ಕಾಲ ಮುಗಿದಿತ್ತು. ಪರ್ಲ್ ಭಾಷೆಯವರ ಅಂತರ್ಜಾಲ ಭಂಡಾರ ಸಿಪ್ಯಾನ್ 1995ರಿಂದಲೇ ಇತ್ತು. 2003ರಲ್ಲಿ ಪೈಥಾನಿನ ಪೈಪಿಐ, ಮರುವರ್ಷ ರೂಬಿಜೆಮ್ಸ್, 2010ರಲ್ಲಿ ಎನ್‌ಪಿಎಂ ಬಂದವು. ಒಂದು ಸಾಲು ಟೈಪಿಸಿದರೆ ಸಾಕು, ಕೇಳಿದ ಪ್ಯಾಕೇಜು ತನ್ನ ನೆಂಟರಿಷ್ಟರನ್ನೆಲ್ಲ ಕರೆದುಕೊಂಡೇ ಬರುತ್ತದೆ. ಈ ಭಂಡಾರದವರಲ್ಲಿ ಯಾರೂ ಬಾಗಿಲಲ್ಲಿ ಲೈಸೆನ್ಸ್ ಕೇಳಿ ಒಳಬಿಡುವವರಲ್ಲ. ಎನ್‌ಪಿಎಂನಲ್ಲಿ ಹೊಸ ಪ್ಯಾಕೇಜು ಶುರುಮಾಡಿ ಎಂಟರ್ ಒತ್ತುತ್ತ ಹೋದರೆ ಲೈಸೆನ್ಸ್ ಜಾಗದಲ್ಲಿ ಬಹುಕಾಲ ತಾನಾಗಿಯೇ ‘ಐಎಸ್‌ಸಿ’ ಎಂದು ಬೀಳುತ್ತಿತ್ತು. ನನ್ನ ಪಟ್ಟಿಗಳಲ್ಲಿ ಐಎಸ್‌ಸಿ ಕಂಡಾಗಲೆಲ್ಲ ಇದು ಆರಿಸಿಕೊಂಡದ್ದೋ, ಎಂಟರ್ ಒತ್ತಿದ್ದೋ ಎಂಬ ಅನುಮಾನ ಸುಳಿಯುತ್ತದೆ.

2016ರ ಮಾರ್ಚ್ 22ರ ‘ಲೆಫ್ಟ್-ಪ್ಯಾಡ್’ ಪ್ರಕರಣ ಎಲ್ಲರಿಗೂ ಗೊತ್ತು: ಒಂದು ಹೆಸರಿನ ಜಗಳದಲ್ಲಿ ಲೇಖಕ ತನ್ನ ಪ್ಯಾಕೇಜುಗಳನ್ನು ಹಿಂತೆಗೆದುಕೊಂಡ, ಅವುಗಳಲ್ಲಿದ್ದ ಹನ್ನೊಂದು ಸಾಲಿನ ಕೋಡು ಸಿಗದೆ ಜಗತ್ತಿನ ಎಷ್ಟೋ ಬಿಲ್ಡುಗಳು ಮುರಿದವು. ಅದು ಮುನಿಸಿನ ಕಥೆ. ನನ್ನ ಕಸುಬಿಗೆ ಅದಕ್ಕಿಂತ ದೊಡ್ಡದು 2021ರ ಮಾರ್ಚ್ 24.

ಕೋವಿಡ್ಡಿನ ಎರಡನೇ ಅಲೆ ಏಳುತ್ತಿದ್ದ ದಿನಗಳು, ನಾನು ಅಡುಗೆಮನೆಯ ಪಕ್ಕದ ಮೇಜಿನಿಂದ ಕೆಲಸ ಮಾಡುತ್ತಿದ್ದೆ. ರೂಬಿ ಆನ್ ರೈಲ್ಸ್ ಬಳಸುವ ತಂಡದವರು ಬಿಲ್ಡ್ ಆಗುತ್ತಿಲ್ಲವೆಂದರು. ರೈಲ್ಸ್‌ಗೆ ಆಕ್ಟಿವ್ ಸ್ಟೋರೇಜ್ ಬೇಕು, ಅದಕ್ಕೆ ಮಾರ್ಸೆಲ್, ಮಾರ್ಸೆಲ್‌ಗೆ ‘ಮೈಮ್‌ಮ್ಯಾಜಿಕ್’. ಕಡತ ನೋಡಿ ಇದು ಚಿತ್ರವೋ ಪಿಡಿಎಫ್ಫೋ ಹೇಳುವುದಷ್ಟೇ ಇದರ ಕೆಲಸ. ಮೇಲೆ ಎಂಐಟಿ ಎಂದು ಬರೆದಿತ್ತು. ಒಳಗೆ ಮಾತ್ರ ಫ್ರೀಡೆಸ್ಕ್‌ಟಾಪ್ ಯೋಜನೆಯ ಒಂದು ಪಟ್ಟಿ ಇತ್ತು, ಆ ಪಟ್ಟಿ ಜಿಪಿಎಲ್‌ನದು. ಪಟ್ಟಿಯ ಮೂಲ ಯೋಜನೆಯವರು ಇದನ್ನು ತೋರಿಸಿದ ಕೂಡಲೆ ಲೇಖಕ ಹೊಸ ಆವೃತ್ತಿಯನ್ನು ಜಿಪಿಎಲ್‌ಗೆ ಬದಲಿಸಿ ಹಳೆಯವನ್ನು ರೂಬಿಜೆಮ್ಸ್‌ನಿಂದ ತೆಗೆದುಬಿಟ್ಟರು. ಕಾನೂನಿನ ಪ್ರಕಾರ ಮಾಡಬೇಕಾದದ್ದನ್ನೇ ಮಾಡಿದ್ದರು, ಬೈಗುಳ ಬಂದದ್ದೂ ಅವರಿಗೇ! ಮದರ್ ಡೀಡಿನ ದೋಷ ವರ್ಷಗಳ ನಂತರ ನಾಲ್ಕನೇ ಕೈಯಲ್ಲಿ ಹೊರಬಿದ್ದಂತಾಯಿತು. ರೈಲ್ಸ್ ತಂಡ ಎರಡೇ ದಿನದಲ್ಲಿ ಜಿಪಿಎಲ್ ಅಲ್ಲದ ಅಪಾಚೆ ಟೀಕಾ ಯೋಜನೆಯ ಮಾಹಿತಿ ಬಳಸುವ ಹೊಸ ಮಾರ್ಸೆಲ್‌ಗೆ ಹೊರಳಿ ಆವೃತ್ತಿಗಳನ್ನು ಬಿಟ್ಟಿತು. ಅಲ್ಲಿಯವರೆಗೆ ನನ್ನ ಇಮೇಲಿಗೆ ಉತ್ತರವನ್ನೂ ಕೊಡದಿದ್ದ ಮ್ಯಾನೇಜರುಗಳು ಫೋನ್ ಮಾಡತೊಡಗಿದರು.

ಕನ್ನಡದ ಮಟ್ಟಿಗೆ ಹೇಳುವುದಾದರೆ, ನಮ್ಮಲ್ಲಿ ಲೈಸೆನ್ಸನ್ನು ಯೋಚಿಸಿ ಹಾಕಿದವರಿದ್ದಾರೆ. ವಿ. ಕೃಷ್ಣ ಅವರು ನಲವತ್ತು ವರ್ಷಕ್ಕೂ ಮೀರಿ ಒಬ್ಬರೇ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಆಗಿ ಓಡಿಬಿಎಲ್ ಎಂಬ ದತ್ತಾಂಶ ಲೈಸೆನ್ಸಿನಡಿ ಹೊರಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. ಯಾರಾದರೂ ಬಳಸಬಹುದು, ಬೆಳೆಸಿದ ದತ್ತಾಂಶವನ್ನು ಹಂಚುವುದಾದರೆ ಅದೂ ಮುಕ್ತವಾಗಿರಬೇಕು. ಡೆಬಿಯನ್ ಲಿನಕ್ಸಿನ ಭಂಡಾರದಲ್ಲಿ ಕನ್ನಡದ ‘ಗುಬ್ಬಿ’ ಫಾಂಟು ಜಿಪಿಎಲ್‌ನಲ್ಲಿದೆ, ‘ನವಿಲು’ ಓಪನ್ ಫಾಂಟ್ ಲೈಸೆನ್ಸಿನಲ್ಲಿ. ನವಿಲಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿ, ಪತ್ರಿಕೆಗೆ ಯಾವ ಷರತ್ತೂ ತಟ್ಟದು. ಫಾಂಟನ್ನೊಂದನ್ನೇ ಮಾರುವ ಹಾಗಿಲ್ಲ, ತಿದ್ದಿ ಹಂಚಿದರೆ ಅದೇ ಲೈಸೆನ್ಸು.

ಈಗ ಕೆಲಸ ಬೇರೆ ದಿಕ್ಕಿನಿಂದ ಬರುತ್ತಿದೆ. 2024ರ ಆಗಸ್ಟಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ತನ್ನ ಸೈಬರ್ ಭದ್ರತಾ ಚೌಕಟ್ಟಿನಲ್ಲಿ ಸಾಫ್ಟ್‌ವೇರಿನೊಳಗಿನ ಬಿಡಿಭಾಗಗಳ ಪಟ್ಟಿ, ಅಂದರೆ ಎಸ್‌ಬಾಮ್ ಕೇಳಿತು. ಅಕ್ಟೋಬರಿನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅದಕ್ಕೆ ಮಾರ್ಗಸೂಚಿ ಹೊರಡಿಸಿತು. ಪಟ್ಟಿಯನ್ನು ಯಂತ್ರವೇ ನಿಮಿಷದಲ್ಲಿ ತೆಗೆದುಕೊಡುತ್ತದೆ. ಲೈಸೆನ್ಸ್ ತಿಳಿಯದ ಕಡೆ ಅದು ‘ನೋ ಅಸರ್ಷನ್’ ಎಂದು ಬರೆದು ಮುಂದೆ ಹೋಗುತ್ತದೆ. ನನ್ನ ದಿನ ಶುರುವಾಗುವುದು ಆ ಸಾಲುಗಳಿಂದ.