ತಗ್ಗಿಸಿದ ನೂಕುಬಲದ ಟೇಕಾಫ್

ಜೆಟ್ ಪ್ರಯಾಣಿಕ ವಿಮಾನ ಎಂಜಿನ್ನಿನ ಪೂರ್ಣ ನೂಕುಬಲವನ್ನು ಬಳಸದೆ, ಆ ಹೊತ್ತಿನ ತೂಕ, ರನ್‌ವೇ ಉದ್ದ ಮತ್ತು ಹವೆಗೆ ಸಾಕಾಗುವಷ್ಟನ್ನೇ ಬಳಸಿ ಮೇಲೇರುವ ಕ್ರಮ. ಇದರಿಂದ ಟರ್ಬೈನಿನ ಉಷ್ಣತೆ ತಗ್ಗಿ, ಅಲಗುಗಳ ಸವೆತ ಕಡಿಮೆಯಾಗಿ, ಎಂಜಿನ್ನಿನ ಬಾಳಿಕೆ ಹೆಚ್ಚುತ್ತದೆ.

ವಿಧಾನಗಳು: 1. ಕಲ್ಪಿತ ಉಷ್ಣತೆ. ಒಂದು ಮಿತಿಯಾಚೆ ಗಾಳಿ ಬಿಸಿಯಾದಷ್ಟೂ ಎಂಜಿನ್ನಿನ ನೂಕುಬಲ ಇಳಿಯುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಪೈಲಟ್ 50 ಎಂದು ನಮೂದಿಸಿದರೆ, ಕಂಪ್ಯೂಟರು 50 ಡಿಗ್ರಿಗೆ ತಕ್ಕ ಬಲವನ್ನೇ ನಿಗದಿಪಡಿಸುತ್ತದೆ. ಏರ್‌ಬಸ್ ಇದನ್ನು ‘ಫ್ಲೆಕ್ಸ್’ ಎನ್ನುತ್ತದೆ. ಕಡಿತದ ಸಾಮಾನ್ಯ ಮಿತಿ ಶೇ. 25. ಬೇಕೆನಿಸಿದಾಗ ಪೈಲಟ್ ಪೂರ್ಣಬಲಕ್ಕೆ ಮರಳಬಹುದು. 2. ಡೀರೇಟ್. ಎಂಜಿನ್ನನ್ನು ಕಡಿಮೆ ದರ್ಜೆಯದೆಂದೇ ಪರಿಗಣಿಸುವ ಕ್ರಮ. ಆ ಟೇಕಾಫ್‌ಗೆ ಅದೇ ಗರಿಷ್ಠ ಮಿತಿ.

ಕರ್ನಾಟಕದಲ್ಲಿ: 2008ರಲ್ಲಿ ಆರಂಭವಾದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇಗಳು 4,000 ಮೀಟರ್ ಉದ್ದವಿದ್ದು ಕಡಿತಕ್ಕೆ ಅನುಕೂಲ, ಆದರೆ ಸುಮಾರು 915 ಮೀಟರ್ ಎತ್ತರದ ತೆಳುಗಾಳಿ ಆ ಅವಕಾಶವನ್ನು ಕುಗ್ಗಿಸುತ್ತದೆ. ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ 2,450 ಮೀಟರ್ ಮಾತ್ರ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಮಳೆಗಾಲ ಬಿರುಸು. ರನ್‌ವೇ ಮೇಲೆ ನೀರು ನಿಂತಿದ್ದರೆ ಕಲ್ಪಿತ ಉಷ್ಣತೆಯ ವಿಧಾನ ಬಳಸುವಂತಿಲ್ಲ.