ಗೋಕಾಕ ಕರದಂಟು

ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿ ತಯಾರಾಗುವ, ತಿನ್ನುವ ಅಂಟು ಮತ್ತು ಒಣಹಣ್ಣುಗಳ ಸಿಹಿತಿಂಡಿ. ಗೋಕಾಕ ಘಟಪ್ರಭಾ ನದಿಯ ದಡದಲ್ಲಿರುವ ತಾಲ್ಲೂಕು ಕೇಂದ್ರ. ಮುಖ್ಯ ಸಾಮಗ್ರಿ: ಅಂಟು, ಬೆಲ್ಲ, ತುಪ್ಪ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ, ಏಲಕ್ಕಿ. ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಹೆಚ್ಚಿದ ಒಣಹಣ್ಣು ಹಾಗೂ ತುರಿದ ಕೊಬ್ಬರಿಯೊಡನೆ ಬೆಲ್ಲದ ಪಾಕಕ್ಕೆ ಬೆರೆಸುತ್ತಾರೆ. ತುಪ್ಪ ಸವರಿದ ತಟ್ಟೆಯಲ್ಲಿ ಹರಡಿ, ಬಿಸಿ ಆರುವ ಮೊದಲೇ ಗೆರೆ ಎಳೆದು ತುಂಡು ಮಾಡುತ್ತಾರೆ. ಬಣ್ಣ ಕಂದು, ಕಚ್ಚಿದಾಗ ಅಂಟು ಗರಿಗರಿ, ಪಾಕ ಜಿಗುಟು. ನೀರಿನಂಶ ಕಡಿಮೆಯಿರುವುದರಿಂದ ಬಹುದಿನ ಕೆಡದು. ಆದ್ದರಿಂದ ದೂರದ ಊರುಗಳಿಗೂ ಒಯ್ಯುತ್ತಾರೆ. ಇದೇ ಬಗೆಯ ಅಂಟಿನ ಉಂಡಿಯನ್ನು ಉತ್ತರ ಕರ್ನಾಟಕದಲ್ಲಿ ಬಾಣಂತಿಯರಿಗೆ ಕೊಡುವ ರೂಢಿಯಿದೆ. ಕರದಂಟನ್ನು ಪೇಟೆಯ ಮಿಠಾಯಿ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಬಾಗಲಕೋಟೆ ಜಿಲ್ಲೆಯ ಅಮೀನಗಡವೂ ಕರದಂಟಿಗೆ ಹೆಸರಾಗಿದೆ. ಬೆಳಗಾವಿಯ ಕುಂದಾ, ಧಾರವಾಡದ ಪೇಡೆಗಳಂತೆ ಊರಿನ ಹೆಸರಿನಿಂದಲೇ ಗುರುತಿಸುವ ತಿನಿಸು ಇದು.